ಶಾಂತವ್ವನ ಬಿಲ್ಲೆ

ಇದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದು ಮುಗಿಸಿದ್ದೇನೆ. ಶಾಲೆಯ ಬಗ್ಗೆ ಬರೆದೆ, ಅಪ್ಪನ ಸಾವಿನ ಬಗ್ಗೆ ಬರೆದೆ, ಮುನಿರಾಬಾದಿನ ಡ್ಯಾಮು ತುಂಬಿದ ವರ್ಷ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ನೋಡಲು ಹೋದದ್ದನ್ನೂ ಬರೆದೆ. ಅಕ್ಕನ ಮಾತು ಬರುವ ಜಾಗದಲ್ಲೆಲ್ಲ ಪೆನ್ನು ಕೆಳಗಿಟ್ಟು ಎದ್ದುಹೋಗಿದ್ದೇನೆ. ಎಮ್ಮೆಗೆ ನೀರು ಕುಡಿಸುವುದೋ, ಕಟ್ಟೆಯ ಮೇಲೆ ಕೂತವರ ಜೊತೆ ಮಾತಾಡುವುದೋ, ಏನಾದರೊಂದು ಕೆಲಸ ಸಿಗುತ್ತಿತ್ತು. ಬರೆದಷ್ಟನ್ನು ಓದಿದ ಮಗ, ಇಷ್ಟೆಲ್ಲ ಬರೆದಿದ್ದೀರಿ, ಅತ್ತಿ ಎಲ್ಲಿ ಎಂದು ಕೇಳಿದ. ಬರುತ್ತಾಳೆ ಅಂದೆ. ಅದಾದ ಮೇಲೂ ಒಂದು ಬೇಸಿಗೆ, ಒಂದು ಮಳೆಗಾಲ ಕಳೆದವು. ನನಗೀಗ ಎಪ್ಪತ್ತು ದಾಟಿದೆ. ಇನ್ನು ತಡಮಾಡಿದರೆ ಹೇಳದೆಯೇ ಹೋಗುತ್ತೇನೆ.

ನಮ್ಮದು ಕೊಪ್ಪಳ ತಾಲ್ಲೂಕಿನ ಒಂದು ಸಣ್ಣ ಊರು. ಮಣ್ಣಿನ ಗೋಡೆಯ ಮಾಳಿಗೆ ಮನೆ, ತಗ್ಗು ಬಾಗಿಲು. ಹೊಸಬರು ಯಾರೂ ತಲೆ ಬಡಿಸಿಕೊಳ್ಳದೆ ಒಳಗೆ ಬಂದದ್ದಿಲ್ಲ. ಮೊದಲು ಪಡಸಾಲೆ, ಅದರಾಚೆ ಅಡುಗೆ ಮನೆ, ಎರಡರ ನಡುವೆ ಎದೆಯೆತ್ತರದ ಗೋಡೆ. ಆ ಗೋಡೆ ಸೂರು ಮುಟ್ಟದೆ ಇದ್ದುದರಿಂದ ಪಡಸಾಲೆಯಲ್ಲಿ ಆಡಿದ ಮಾತೆಲ್ಲ ಒಲೆಯ ಮುಂದಿದ್ದವರಿಗೆ ಕೇಳುತ್ತಿತ್ತು, ಒಲೆಯ ಹೊಗೆಯೆಲ್ಲ ಪಡಸಾಲೆಗೆ ಬರುತ್ತಿತ್ತು. ಅಪ್ಪ ಕೊಪ್ಪಳದ ಹತ್ತಿ ಜಿನ್ನಿನಲ್ಲಿ ಹಮಾಲಿ ಮಾಡುತ್ತಿದ್ದ. ಅವ್ವ ಕಂಡವರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. ಇಬ್ಬರೂ ನಸುಕಿನಲ್ಲೇ ಮನೆ ಬಿಡುತ್ತಿದ್ದುದರಿಂದ ಮನೆ ಎಂದರೆ ನನಗೆ ಅಕ್ಕ. ನನಗಿಂತ ಆರೇಳು ವರ್ಷ ದೊಡ್ಡವಳು. ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ನೀರು ತರುತ್ತಿದ್ದಳಂತೆ, ಒಂದು ಕಡೆ ಕೊಡ, ಇನ್ನೊಂದು ಕಡೆ ನಾನು. ಎರಡು ವರ್ಷ ಶಾಲೆಗೆ ಹೋಗಿದ್ದಳು. ಕೈಗೆ ರೊಟ್ಟಿ ಬಡಿಯುವ ಹದ ಬಂತು, ಶಾಲೆ ಬಿಡಿಸಿದರು. ಅದರ ಬಗ್ಗೆ ಮನೆಯಲ್ಲಿ ಜಗಳವಾದದ್ದು ನನಗೆ ನೆನಪಿಲ್ಲ. ಜಗಳವಾಡುವಷ್ಟು ದೊಡ್ಡ ವಿಷಯ ಎಂದು ಯಾರಿಗೂ ಅನಿಸಿರಲಿಕ್ಕಿಲ್ಲ. ಆಕೆ ಬರೆಯುತ್ತಿದ್ದ ಪಾಟಿ ನನಗೆ ಬಂತು. ಆಕೆಯ ಕೌದಿ ಚಳಿಗಾಲದಲ್ಲಿ ನನ್ನ ಕೌದಿಯ ಮೇಲೆ ಬಂತು. ಆಕೆಯದು ಎನ್ನುವ ವಸ್ತು ಆ ಮನೆಯಲ್ಲಿ ಯಾವುದಿತ್ತು ಎಂದು ಈಗ ಎಷ್ಟು ಯೋಚಿಸಿದರೂ ಹೊಳೆಯುವುದಿಲ್ಲ.

ಊಟಕ್ಕೆ ಅಪ್ಪ ಮೊದಲು ಕೂಡುತ್ತಿದ್ದ, ನಾನು ಅಪ್ಪನ ತಟ್ಟೆಗೇ ಕೈ ಹಾಕುತ್ತಿದ್ದೆ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಇದ್ದರೆ ಶೇಂಗಾ ಚಟ್ನಿ. ಅಕ್ಕ ಬೇಯಿಸುತ್ತಲೇ ಇರುತ್ತಿದ್ದಳು. ಕಡೆಗೆ ಪರಾತದ ಅಂಚಿಗೆ ಅಂಟಿದ ಹಿಟ್ಟನ್ನೆಲ್ಲ ಕೆರೆದು ಒಂದು ದಪ್ಪನೆಯ ರೊಟ್ಟಿ ತಟ್ಟುತ್ತಿದ್ದಳು. ಅದು ಆಕೆಯದು. ಒಂದು ಅಮಾವಾಸ್ಯೆಯ ದಿನ ದೇವರ ಎಡೆಗೆ ಇಟ್ಟಿದ್ದ ಹೋಳಿಗೆಯನ್ನು ನಾನು ಪೂಜೆಗೆ ಮೊದಲೇ ತಿಂದುಬಿಟ್ಟೆ. ಅಪ್ಪ ಸ್ನಾನ ಮಾಡಿ ಬಂದು ನೋಡಿ ಯಾರು ಎಂದು ಕೇಳಿದ. ನನ್ನ ಬಾಯಿ ಇನ್ನೂ ಸಿಹಿಯಾಗಿತ್ತು. ನಾನು ನೆಲ ನೋಡಿದೆ. ಅಕ್ಕ, ನಾನು ತಿಂದೆ ಅಂದಳು. ಅಪ್ಪ ಹೊಡೆಯಲಿಲ್ಲ, ಹೊರಗಿನ ಕಟ್ಟೆಯ ಮೇಲೆ ಕೂಡಿಸಿ, ಆ ದಿನ ಆಕೆಗೆ ಊಟ ಇಲ್ಲ ಎಂದ. ನಾನು ಒಳಗೆ ಕೂತು ಮತ್ತೊಂದು ಹೋಳಿಗೆ ತಿಂದೆ. ಸಂಜೆ ಆಕೆ ಒಳಗೆ ಬಂದವಳೇ ನನ್ನ ಕೆನ್ನೆ ಚಿವುಟಿ ನಕ್ಕಳು:

“ಸುಳ್ಳ ಹೇಳಾಕೂ ಬರಂಗಿಲ್ಲಲ್ಲೋ ನಿನಗ. ಸುಮ್ಮ ನಿಂತಿದ್ದಿಯಲ್ಲ, ಗೂಟ ನಿಂತಂಗ.”

ಬಹಳ ಜನ ತಮಗೆ ಗುಣ ಕಲಿಸಿದ ಗುರುಗಳ ಹೆಸರು ಬರೆಯುತ್ತಾರೆ. ನಾನು ಕಲಿತದ್ದು ಆ ಅಮಾವಾಸ್ಯೆಯಂದು. ಸುಮ್ಮನೆ ನಿಂತರೆ ಸಾಕು, ಹೊಡೆತ ಬೇರೆಯವರಿಗೆ ಹೋಗುತ್ತದೆ ಎಂದು ಕಲಿತೆ.

ಅಕ್ಕನನ್ನು ಇಟಗಿಯ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ, ಗಂಡ ಇನ್ನೊಬ್ಬಳನ್ನು ತಂದ. ಒಂದು ಪಂಚಮಿಗೆ ಆಕೆಯನ್ನು ಕರೆತರಲು ನಾನೇ ಹೋಗಿದ್ದೆ, ಹಬ್ಬಕ್ಕೆ ಅಕ್ಕತಂಗಿಯರನ್ನು ಕರೆತರುವುದು ಅಣ್ಣತಮ್ಮಂದಿರ ಕೆಲಸವಲ್ಲವೇ. ಬಸ್ಸಿನಲ್ಲಿ ಆಕೆಯ ಮಡಿಲಲ್ಲಿ ಒಂದೇ ಗಂಟಿತ್ತು, ಹಬ್ಬಕ್ಕೆ ಬರುವವರ ಗಂಟಿಗಿಂತ ದೊಡ್ಡದು. ಹಬ್ಬ ಮುಗಿದ ಮೇಲೆ ಕಳಿಸಲು ಯಾರೂ ಎದ್ದು ನಿಲ್ಲಲಿಲ್ಲ, ಅಷ್ಟೇ. ಅಪ್ಪ ಅವ್ವ ತೀರಿಹೋದ ಮೇಲೆ ಮನೆಯಲ್ಲಿ ನಾನು, ನನ್ನ ಹೆಂಡತಿ ಶಾಂತವ್ವ, ಅಕ್ಕ ಉಳಿದೆವು.

ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ. ಮುನಿರಾಬಾದಿನ ರಸ್ತೆಯಲ್ಲಿ ಒಂದು ನೂಲಿನ ಗಿರಣಿ ಶುರುವಾದಾಗ ಅದರ ಗೇಟಿನಲ್ಲಿ ನನಗೆ ಕೆಲಸ ಸಿಕ್ಕಿತು. ಪಾಳಿಗೆ ಬಂದವರಿಗೆಲ್ಲ ಅವರವರ ನಂಬರಿನ ಹಿತ್ತಾಳೆ ಬಿಲ್ಲೆ ಕೊಡುವುದು, ಪಾಳಿ ಮುಗಿದಾಗ ವಾಪಸು ಇಸಿದುಕೊಂಡು ಮೊಳೆಗೆ ನೇತುಹಾಕುವುದು. ಮುಂದೆ ಶಾಂತವ್ವಳಿಗೂ ಅಲ್ಲೇ ನೂಲಿನ ಲಡಿ ಸುತ್ತುವ ವಿಭಾಗದಲ್ಲಿ ಕಾಯಂ ಕೆಲಸವಾಯಿತು. ಮೊದಲ ಬಸಿರಿನಲ್ಲಿ ಆಕೆಗೆ ನಿಲ್ಲಲಿಕ್ಕೆ ಆಗಲಿಲ್ಲ. ಬಿಟ್ಟರೆ ಬಿಲ್ಲೆ ಬೇರೆಯವರ ಪಾಲಾಗುತ್ತದೆ. ಆಗ ಅಕ್ಕ ಬದಲಿ ಹೋದಳು. ಇದು ನಾವು ಕಂಡುಹಿಡಿದದ್ದಲ್ಲ, ಆ ಗಿರಣಿಯಲ್ಲಿ ಎಲ್ಲ ಮನೆಯವರೂ ಮಾಡುತ್ತಿದ್ದರು. ಬಿಲ್ಲೆ ಎಂದರೆ ಮನೆಯದು, ಎತ್ತು ಇದ್ದಂತೆ. ತಾಯಿ ಬದಲು ಮಗಳು, ಅತ್ತೆ ಬದಲು ಸೊಸೆ. ಮೇಸ್ತ್ರಿಗೆ ಗೊತ್ತಿತ್ತು. ಆತ ಗೇಟಿನಲ್ಲಿ ನಿಂತು ನನಗೆ ಹೇಳಿದ ಮಾತು ಇದು:

“ನನಗ ಮಾರಿ ಬ್ಯಾಡ, ಕೈ ಬೇಕು. ಬಿಲ್ಲೆ ಒಳಗ ಬಂತಿಲ್ಲೋ, ಸಾಕು.”

ಶಾಂತವ್ವಳಿಗೆ ಒಂದರ ಹಿಂದೆ ಒಂದು ಮಕ್ಕಳಾದವು. ಆಕೆ ಮತ್ತೆ ಗಿರಣಿಗೆ ಹೋಗಲೇ ಇಲ್ಲ. ಕೆಲವು ತಿಂಗಳಿಗೆಂದು ಹೋದ ಅಕ್ಕ ಆ ಮಕ್ಕಳು ಹೈಸ್ಕೂಲು ಮುಗಿಸುವ ತನಕ ಹೋದಳು. ನಾನೇ ದಿನಾ ಬೆಳಿಗ್ಗೆ ನನ್ನ ಅಕ್ಕನ ಕೈಗೆ ನನ್ನ ಹೆಂಡತಿಯ ಬಿಲ್ಲೆ ಕೊಟ್ಟೆ. ಗಿರಣಿಯ ಹೆಂಗಸರು ಆಕೆಯನ್ನು ಶಾಂತಕ್ಕ ಎಂದೇ ಕರೆದರು, ಆಕೆ ಓಗೊಟ್ಟಳು. ಹೊಸದರಲ್ಲಿ ಮನೆಯಲ್ಲಿ ನಾನು ಶಾಂತಾ ಎಂದು ಕೂಗಿದರೆ ಇಬ್ಬರೂ ತಿರುಗಿ ನೋಡಿ ನಗುತ್ತಿದ್ದರು. ಸಂಜೆ ಬಂದಾಗ ಅಕ್ಕನ ಹುಬ್ಬಿನ ಮೇಲೆ, ರೆಪ್ಪೆಯ ಮೇಲೆಲ್ಲ ಅರಳೆಯ ಧೂಳು ಕೂತು ಮುದುಕಿಯಂತೆ ಕಾಣುತ್ತಿದ್ದಳು. ಮುಖ ತೊಳೆದರೆ ಮತ್ತೆ ವಯಸ್ಸಿಗೆ ಬರುತ್ತಿದ್ದಳು. ಬರಬರುತ್ತ ತೊಳೆದರೂ ಮುದುಕಿಯಂತೆಯೇ ಕಂಡಳು. ಕೆಮ್ಮು ಯಾವಾಗ ಶುರುವಾಯಿತು ಎಂದು ಹೇಳಲು ನನಗೆ ಬರುವುದಿಲ್ಲ. ರಜೆಯ ಮರುದಿನ ಕೆಲಸಕ್ಕೆ ಹೋದಾಗ ಎದೆ ಹಿಡಿದಂತಾಗುತ್ತದೆ ಎಂದು ಒಮ್ಮೆ ಹೇಳಿದ್ದಳು. ಹಾಗಾದರೆ ರಜೆ ತಗೋಬೇಡ ಎಂದು ನಾನು ತಮಾಷೆ ಮಾಡಿದ್ದೆ.

ಗಿರಣಿ ಒಂದೇ ಏಟಿಗೆ ಮುಚ್ಚಲಿಲ್ಲ. ಮೊದಲು ರಾತ್ರಿ ಪಾಳಿ ನಿಂತಿತು, ಆಮೇಲೆ ವಾರಕ್ಕೆ ನಾಲ್ಕು ದಿನ ಕೆಲಸ ಎಂದರು. ಹೊರದೇಶದ ನೂಲು, ಬಟ್ಟೆ ಹಡಗಿನಲ್ಲಿ ಬಂದು ಬೀಳುತ್ತಿದೆ, ನಾವು ಹತ್ತಿ ಕೊಳ್ಳುವ ದರಕ್ಕೆ ಅವರು ನೂಲನ್ನೇ ಕೊಡುತ್ತಾರೆ ಎಂದು ಮಾಲೀಕರ ಕಡೆಯವರು ಗೇಟಿನಲ್ಲಿ ನಿಂತು ಹೇಳಿದರು. ಮೇಸ್ತ್ರಿ ಆ ಬಟ್ಟೆಯ ಒಂದು ತುಂಡು ತಂದು ಎಲ್ಲರಿಗೂ ಮುಟ್ಟಿಸಿದ. ಹೆಂಗಸರು ಅದನ್ನು ಬೈದರು, ಹಿಸುಕಿದರು, ಕೆಲವರು ಉಗುಳಿದರು. ಅಕ್ಕ ಎರಡು ಬೆರಳ ನಡುವೆ ತಿಕ್ಕಿ ನೋಡಿ, ಮನೆಗೆ ಬರುವ ದಾರಿಯಲ್ಲಿ ನನಗೆ ಹೇಳಿದಳು:

“ಛಲೋ ಐತೋ ತಮ್ಮಾ ಅದು. ಅದರ ನೂಲು ಸುತ್ತಿದಾಕಿಗೂ ಕೆಮ್ಮ ಇರತೈತೇನೋ.”

ಗಿರಣಿಗೆ ಬೀಗ ಬಿದ್ದ ಮೇಲೆ ಆ ಸುತ್ತಿನ ಊರುಗಳಲ್ಲಿ ಬದುಕು ಹೇಗಿತ್ತೆಂದು ವಿವರಿಸುವ ಶಕ್ತಿ ನನಗಿಲ್ಲ. ಗಂಡಸರು ಗಂಗಾವತಿಯ ಭತ್ತದ ಕಡೆ, ಕುಷ್ಟಗಿಯ ಕಲ್ಲಿನ ಕ್ವಾರಿಗಳ ಕಡೆ ಚೆದುರಿದರು. ನಮ್ಮ ಮನೆಯಲ್ಲಿ ನುಚ್ಚು ಎರಡು ಹೊತ್ತಿನಿಂದ ಒಂದು ಹೊತ್ತಿಗೆ ಬಂತು. ನಾನು ಮಕ್ಕಳ ಮೇಲೆ ರೇಗುತ್ತಿದ್ದೆ, ಶಾಂತವ್ವ ನನ್ನ ಮೇಲೆ ರೇಗುತ್ತಿದ್ದಳು, ಅಕ್ಕ ಗೋಡೆಯಾಚೆ ಕೆಮ್ಮುತ್ತಿದ್ದಳು. ಆಗ ಸರ್ಕಾರದ ಸಹಾಯ ಬರುತ್ತದೆ ಎಂಬ ಸುದ್ದಿ ಬಂತು. ಕಾರ್ಖಾನೆ ಮುಚ್ಚಿ ಕೆಲಸ ಕಳಕೊಂಡ ಕಾಯಂ ಕೆಲಸಗಾರರಿಗೆ ಒಂದು ವರ್ಷ ಅರ್ಧ ಪಗಾರದಷ್ಟು ಭತ್ಯೆ, ಅಷ್ಟು ದಿನ ಕಾರ್ಮಿಕರ ದವಾಖಾನೆಯಲ್ಲಿ ಪುಕ್ಕಟೆ ಔಷಧ, ಜೊತೆಗೆ ಹೆಂಗಸರಿಗೆ ಕೊಪ್ಪಳದಲ್ಲಿ ಹೊಲಿಗೆ ತರಬೇತಿ. ನಮ್ಮ ಮನೆಗೆ ಎರಡು ಹೆಸರು ಬಂದವು, ನನ್ನದು, ಶಾಂತವ್ವಳದು. ಅಕ್ಕನಿಗೆ ಬೇಕಾಗಿದ್ದುದು ಭತ್ಯೆಯಲ್ಲ, ದವಾಖಾನೆ. ಆ ಹೊತ್ತಿಗೆ ಆಕೆಗೆ ಬಾವಿಯಿಂದ ಮನೆಯ ತನಕ ಒಂದೇ ಉಸಿರಿನಲ್ಲಿ ಬರಲು ಆಗುತ್ತಿರಲಿಲ್ಲ.

ಭತ್ಯೆಯ ಹೆಸರುಗಳ ಪರಿಶೀಲನೆಗೆ ಸರ್ಕಾರದ ಕಡೆಯಿಂದ ಒಬ್ಬರು ಮೇಡಂ ಮನೆಮನೆಗೆ ಬಂದರು. ಚಿಕ್ಕ ವಯಸ್ಸು, ತಗ್ಗು ಬಾಗಿಲಿಗೆ ತಲೆ ಬಡಿಸಿಕೊಂಡು ತಾವೇ ನಕ್ಕರು. ಪಡಸಾಲೆಯ ಹೊರಸಿನ ಮೇಲೆ ಕೂತು ಶಾಂತವ್ವಳನ್ನು ಮಾತಾಡಿಸಿದರು. ಯಾವ ವಿಭಾಗ, ಎಷ್ಟು ಗಂಟೆಯ ಪಾಳಿ. ಶಾಂತವ್ವ ಮದುವೆಯಾದ ಹೊಸದರಲ್ಲಿ ಮಾಡಿದ ಕೆಲಸವನ್ನು ನೆನಪು ಮಾಡಿಕೊಂಡು, ನೆಲ ನೋಡುತ್ತ ಹೇಳಿದಳು. ಅಷ್ಟರಲ್ಲಿ ಗೋಡೆಯಾಚೆ ಅಕ್ಕನಿಗೆ ಕೆಮ್ಮು ಹತ್ತಿತು. ತಡೆಯಲು ಬಾಯಿಗೆ ಸೆರಗು ಒತ್ತಿದ್ದಳು, ಅದು ಗೊತ್ತಾಗುತ್ತಿತ್ತು. ಅದಕ್ಕೇ ಇನ್ನೂ ಕೆಟ್ಟದಾಗಿ ಕೇಳುತ್ತಿತ್ತು. ಮೇಡಂ ಮಾತು ನಿಲ್ಲಿಸಿ ಗೋಡೆಯ ಕಡೆ ನೋಡಿದರು. ಒಳಗಿರುವವರು ಯಾರು ಎಂದು ಕೇಳಿದರು. ನಾನು ಅಕ್ಕ ಎಂದೆ. ಆಗ ಅವರು ಮೆಲ್ಲಗೆ, ಬೈಯುವ ದನಿಯಲ್ಲಲ್ಲ, ಹೇಳಿದರು:

“ಬದಲಿ ದುಡಿದವರು ಈ ಗಿರಣಿಯಲ್ಲಿ ಬಹಳ ಜನ ಇದ್ದಾರೆ, ನನಗೆ ಗೊತ್ತು. ನಿಜ ಹೇಳಿದರೆ ಹೆಸರು ಸರಿ ಮಾಡಿಕೊಡಬಹುದು. ಅವರಿಗೆ ದವಾಖಾನೆ ಸಿಗುತ್ತದೆ. ಒಳಗಿನವರು ಗಿರಣಿಗೆ ಹೋಗುತ್ತಿದ್ದರೇನು?”

ಶಾಂತವ್ವ ನನ್ನ ಕಡೆ ನೋಡಿದಳು. ಹೇಳಿಬಿಡ್ರಿ ಎನ್ನುವ ನೋಟ ಅದು, ಇವತ್ತಿಗೂ ನಾನು ಅದನ್ನು ಬೇರೆ ರೀತಿ ಓದಲಾರೆ. ನನ್ನ ತಲೆಯಲ್ಲಿ ಓಡುತ್ತಿದ್ದುದು ಒಂದೇ. ಬಿಲ್ಲೆ ಕೊಟ್ಟವನು ನಾನು. ಹೆಸರು ಸರಿ ಮಾಡಲು ಹೋದರೆ, ಇಷ್ಟು ವರ್ಷ ಗೇಟಿನಲ್ಲಿ ಕೂತು ತಪ್ಪು ಕೈಗೆ ಬಿಲ್ಲೆ ಕೊಟ್ಟವನು ಯಾರು ಎಂದು ಕೇಳುತ್ತಾರೆ, ನನ್ನ ಭತ್ಯೆಯೂ ಹೋಗುತ್ತದೆ. ಹಾಗೆ ಆಗುತ್ತದೆಯೇ ಎಂದು ಅವರನ್ನೇ ಕೇಳಬಹುದಿತ್ತು. ಕೇಳಲಿಲ್ಲ. ಭಯ ಒಂದೇ ಅಲ್ಲ, ಅದನ್ನೂ ಬರೆಯಬೇಕು. ಆ ಕೆಲಸ ಅಕ್ಕನದು ಎಂದು ಸರ್ಕಾರವೇ ಒಪ್ಪಿಬಿಟ್ಟರೆ ಇಷ್ಟು ವರ್ಷ ಈ ಮನೆಯನ್ನು ಯಾರು ನಡೆಸಿದರು ಎಂಬುದು ಊರಿಗೆಲ್ಲ ಗೊತ್ತಾಗುತ್ತದೆ ಎಂಬ ಹೊಟ್ಟೆಯುರಿಯೂ ಇತ್ತು. ಅವತ್ತು ಸುಮ್ಮನೆ ನಿಂತರೆ ಸಾಲದಾಗಿತ್ತು. ಬಾಯಿ ಬಿಟ್ಟು ಹೇಳಿದೆ:

“ಇಲ್ರಿ ಮೇಡಮ್ಮಾರ. ಆಕಿ ಹೊರಗ ದುಡಿಯಾಕ ಹೋದಾಕಿ ಅಲ್ರಿ. ಮನ್ಯಾಗ ಇರತಾಳ. ಒಲೀ ಹೊಗಿಗೆ ಕೆಮ್ಮ ಬಂದೈತಿ.”

ಗೋಡೆಯಾಚೆ ಕೆಮ್ಮು ನಿಂತಿತು. ಮೇಡಂ ಇನ್ನೊಂದು ಗಳಿಗೆ ಕಾದರು. ಆಮೇಲೆ ಶಾಂತವ್ವಳ ಸಹಿ ಹಾಕಿಸಿಕೊಂಡು, ಹೋಗುವಾಗ ಬಗ್ಗಿ ಬಾಗಿಲು ದಾಟಿದರು. ನಾನು ಬೀದಿಯ ತನಕ ಕಳಿಸಿ ಬಂದೆ. ಅಕ್ಕ ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದಳು. ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯದವಳಂತೆ ಕೇಳಿದಳು:

“ಹಂಗಾರ ಇಷ್ಟು ವರ್ಷ ನಾನು ಎಲ್ಲಿಗೆ ಹೋಗತಿದ್ನೋ ತಮ್ಮಾ?”

ನಾನು ಮೊದಲು ಈ ಮನೆಗೆ ಭತ್ಯೆ ಬರಲಿ, ಆಮೇಲೆ ನೋಡೋಣ ಎಂದೆ. ಏನು ನೋಡುವುದು ಎಂದು ನನಗೂ ಗೊತ್ತಿರಲಿಲ್ಲ.

ಭತ್ಯೆ ಬಂತು. ಶಾಂತವ್ವ ದಿನಾ ಬಸ್ಸು ಹಿಡಿದು ಹೊಲಿಗೆ ಕಲಿಯಲು ಹೋಗತೊಡಗಿದಳು. ಬುತ್ತಿ ಕಟ್ಟಿಕೊಡುತ್ತಿದ್ದವಳು ಅಕ್ಕ. ಊರಿನ ಡಾಕ್ಟರ ಗುಳಿಗೆಗೆ ಕೆಮ್ಮು ಬಗ್ಗಲಿಲ್ಲ, ಎದೆಯ ಫೋಟೋ ತೆಗೆಸಬೇಕು, ದೊಡ್ಡ ದವಾಖಾನೆಗೆ ಒಯ್ಯಿರಿ ಎಂದರು. ಹೊರಗೆ ತೋರಿಸುವ ಶಕ್ತಿ ಇರಲಿಲ್ಲ. ಆಗ ನನಗೆ ಒಂದು ಉಪಾಯ ಹೊಳೆಯಿತು. ನನಗೆ ಅದು ಎಷ್ಟು ಸರಳವಾಗಿ ಕಂಡಿತೆಂದರೆ, ಅದರಲ್ಲಿ ತಪ್ಪೇನಿದೆ ಎಂದು ನಾನು ಒಂದು ಸಲವೂ ಯೋಚಿಸಲಿಲ್ಲ. ಶಾಂತವ್ವಳ ಹೆಸರಿನಲ್ಲಿ ದುಡಿದವಳು ಶಾಂತವ್ವಳ ಹೆಸರಿನಲ್ಲೇ ಔಷಧ ತಗೊಂಡರೆ ಆಯಿತು. ದವಾಖಾನೆಗೆಂದು ಕೊಟ್ಟಿದ್ದ ಚೀಟಿಯ ಮೇಲಿನ ಶಾಂತವ್ವಳ ಫೋಟೋ ಹಳೆಯದು, ಮಸುಕಾಗಿತ್ತು. ಹೆಸರು ಕೇಳಿದರೆ ಶಾಂತವ್ವ ಅನ್ನು ಎಂದು ಅಕ್ಕನಿಗೆ ಹೇಳಿ ಹೊಳೆ ದಾಟಿ ಕಾರ್ಮಿಕರ ದವಾಖಾನೆಗೆ ಕರೆದುಕೊಂಡು ಹೋದೆ. ಅದಕ್ಕೆ ಆಕೆ ತಕರಾರು ಮಾಡಲಿಲ್ಲ, ಆ ಹೆಸರು ಆಕೆಗೆ ರೂಢಿಯಾಗಿತ್ತು.

ಕಿಟಕಿಯಲ್ಲಿ ಕೂತವನು ವಯಸ್ಸಾದ, ಹಸನ್ಮುಖಿ ಮನುಷ್ಯ. ಹೆಸರು ಕೇಳಿದ, ಅಕ್ಕ ಶಾಂತವ್ವ ಎಂದಳು. ಊರು ಕೇಳಿದ, ಹೇಳಿದಳು. ಗಂಡನ ಹೆಸರೇನು ಎಂದು ಕೇಳಿದ.

ಶಾಂತವ್ವಳ ಗಂಡ ನಾನು. ನಾನು ಆಕೆಯ ಹಿಂದೆಯೇ ನಿಂತಿದ್ದೆ. ಆತ ಮತ್ತೊಮ್ಮೆ ಕೇಳಿದ. ಅಕ್ಕ ಕಿಟಕಿಯ ಸರಳು ಹಿಡಿದುಕೊಂಡಳು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ. ಆತ ಅದೇ ಎಂದುಕೊಂಡು ನಕ್ಕ, ಸಾಲಿನಲ್ಲಿದ್ದವರೂ ನಕ್ಕರು.

“ಈ ವಯಸ್ಸಿನ್ಯಾಗೂ ಎಂಥಾ ನಾಚಿಕೀನವ್ವಾ? ಯಮನೂರಪ್ಪ ಅಂತ ಬರದೈತಿ ಇಲ್ಲೆ. ನೀ ಹೂಂ ಅಂದ್ರ ಸಾಕು. ಇವರಽ ಏನು ನಿನ್ನ ಗಂಡ?”

ಒಂದು ಹೂಂ ಅಂದಿದ್ದರೆ ಸಾಕಿತ್ತು, ಒಳಗೆ ಡಾಕ್ಟರ ಬಾಗಿಲು ತೆರೆದೇ ಇತ್ತು. ಅಕ್ಕ ತಿರುಗಿ ನನ್ನ ಮುಖ ನೋಡಿದಳು. ನಾನು ಹೂಂ ಅನ್ನು ಎಂದು ಕಣ್ಣಲ್ಲೇ ಗದರಿಸಿದೆ. ಆಕೆ ಸರಳು ಬಿಟ್ಟು, ಸಾಲು ದಾಟಿ, ಗೋಡೆ ಹಿಡಿದುಕೊಂಡು ಹೊರಗೆ ನಡೆದಳು. ಬಸ್ ನಿಲ್ದಾಣದಲ್ಲಿ, ನಾಲ್ಕು ಜನರ ನಡುವೆ, ನಾನು ಆಕೆಯನ್ನು ಬೈದೆ. ಕೆಲಸ ಬಿಟ್ಟು ಬಂದಿದ್ದೇನೆ ಎಂದೆ, ಆಗ ನನಗೆ ಕೆಲಸವೇ ಇರಲಿಲ್ಲ. ಸಾಯುವ ಚಟ ಇದ್ದರೆ ಸಾಯಿ ಎಂದೆ. ಒಂದು ಮಾತು ಹೇಳಲು ಆಗಲಿಲ್ಲವೇ ಎಂದು ಮತ್ತೆ ಮತ್ತೆ ಕೇಳಿದೆ. ಆಕೆ ಉಸಿರು ಕೂಡಿಸಿಕೊಳ್ಳುವ ತನಕ ಕಾದು ಹೇಳಿದಳು:

“ನಿನಗ ಬುದ್ಧಿ ಬರೋ ಮೊದಲಿಂದ ನಿನ್ನ ಎತ್ತಿ ಆಡಿಸೀನಿ. ಆಕಿ ಬಿಲ್ಲೆ ಹಿಡದೆ, ಆಕಿ ಹೆಸರು ಹೇಳಿದೆ. ಇದು ನನ್ನ ಕಡೆ ಆಗಂಗಿಲ್ಲ.”

ಅಂದಿನಿಂದ ಆಕೆ ನನ್ನನ್ನು ತಮ್ಮಾ ಎಂದು ಕರೆಯಲಿಲ್ಲ. ಹೆಸರಿನಿಂದಲೂ ಕರೆಯಲಿಲ್ಲ. ಊಟಕ್ಕೆ ಎಬ್ಬಿಸಬೇಕಾದರೆ ಮಕ್ಕಳ ಕೈಯಲ್ಲಿ ಹೇಳಿಸುತ್ತಿದ್ದಳು. ಶಾಂತವ್ವ ನನ್ನ ಜೊತೆ ಜಗಳವಾಡಿದಳು. ಆ ಮೇಡಂ ಹತ್ತಿರ ಹೋಗಿ ನಿಜ ಹೇಳೋಣ, ತನ್ನ ಭತ್ಯೆ ನಿಂತರೆ ನಿಲ್ಲಲಿ ಎಂದಳು. ಈಗ ಹೇಳಿದರೆ ಸುಳ್ಳು ಹೇಳಿದ್ದಕ್ಕೆ ಜೈಲಿಗೆ ಹಾಕುತ್ತಾರೆ ಎಂದು ಹೆದರಿಸಿ ಬಾಯಿ ಮುಚ್ಚಿಸಿದೆ. ವರ್ಷ ತುಂಬುವ ತನಕ ದಾರಿ ತೆರೆದೇ ಇತ್ತು. ನಾನು ಭತ್ಯೆ ಮುಗಿಯುವುದನ್ನೇ ಕಾಯುತ್ತಿದ್ದೆ, ಮುಗಿದರೆ ಇನ್ನು ಹೇಳಿಯೂ ಉಪಯೋಗವಿಲ್ಲ ಎಂದಾಗುತ್ತದಲ್ಲ. ಮುಗಿಯಿತು. ಚಳಿಗಾಲ ಬಂತು. ಅಕ್ಕ ಮಲಗುವುದನ್ನು ಬಿಟ್ಟು ಗೋಡೆಗೆ ಒರಗಿ ಕೂತೇ ಇರತೊಡಗಿದಳು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಒಂದು ಮುಂಜಾನೆ ಶಾಂತವ್ವ ಚಹಾ ಕೊಡಲು ಹೋದಾಗ ಅಕ್ಕ ಹಾಗೆ ಕೂತಲ್ಲೇ ಹೋಗಿದ್ದಳು.

ಗಿರಣಿಯ ಹೆಂಗಸರಿಗೆ ಹೇಗೋ ಸುದ್ದಿ ಮುಟ್ಟಿತು. ಸುತ್ತಿನ ಊರುಗಳಿಂದ, ಕೆಲವರು ಟಂಟಂ ಗಾಡಿ ಮಾಡಿಕೊಂಡು, ಕೆಲವರು ನಡೆದು ಬಂದರು. ಅಷ್ಟು ಜನರಿಗೆ ಆಕೆ ಬೇಕಾಗಿದ್ದಳು ಎಂದು ನನಗೆ ಗೊತ್ತಿರಲಿಲ್ಲ. ಹೆಣವನ್ನು ಪಡಸಾಲೆಯಲ್ಲಿ ಕೂಡಿಸಿದ್ದೆವು. ಅವರು ಸುತ್ತ ಕೂತು ಆಕೆಯ ಹೆಸರು ಹಿಡಿದು, ಆಕೆಯ ಗುಣ ಒಂದೊಂದೇ ಎತ್ತಿ ಹಾಡಿಕೊಂಡು ಅತ್ತರು. ತನ್ನ ಬುತ್ತಿಯಲ್ಲಿ ಪಾಲು ಕೊಟ್ಟವಳು, ಹೊಸ ಹುಡುಗಿಯರಿಗೆ ಕೆಲಸ ಕಲಿಸಿದವಳು, ಶಾಂತಕ್ಕಾ, ನಮ್ಮನ್ನ ಬಿಟ್ಟು ಹೋದಿ ಶಾಂತಕ್ಕಾ. ನನ್ನ ಹೆಂಡತಿ ಶಾಂತವ್ವ ಕಂಬ ಹಿಡಿದು ನಿಂತು ತನ್ನ ಹೆಸರಿನ ಸಾವಿನ ಹಾಡು ಕೇಳುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಆಕೆ ನನ್ನ ಹತ್ತಿರ ಬಂದು ಹೇಳಿದಳು:

“ಖರೇ ಹೆಸರು ಹೇಳ್ರಿ ಅವರಿಗೆ. ಈಗರ ಹೇಳ್ರಿ. ಮಣ್ಣಿಗೆ ಹೋಗೂಮುಂದರ ಆಕಿ ಹೆಸರಿಲೆ ಹೋಗಲಿ.”

ಆ ಜನರ ನಡುವೆ ಭತ್ಯೆ ತಗೊಂಡ ಎಷ್ಟೋ ಮನೆಯವರಿದ್ದರು. ಹೇಳಿದರೆ ಉಳಿದದ್ದೆಲ್ಲ ಹೇಳಬೇಕಾಗುತ್ತಿತ್ತು. ನಾನು ಹೊರಗೆ ಹೋಗಿ ಕುಣಿ ತೋಡಲು ಹೋದವರು ಬಂದರೇ ಎಂದು ನೋಡಿದೆ. ಅವರು ಶಾಂತಕ್ಕನನ್ನು ಮಣ್ಣು ಮಾಡಿ ಹೋದರು. ಗಿರಣಿಯಲ್ಲಿ ಲಡಿ ಸುತ್ತಿದವಳು, ಆ ಧೂಳು ಕುಡಿದವಳು, ನನ್ನ ಮನೆ ನಡೆಸಿದವಳು, ಬದುಕಿರುವಾಗ ನಾನು ಒಂದು ದಿನವೂ ತಪ್ಪಾಯಿತು ಎಂದು ಕೈಮುಗಿಯದ ನನ್ನ ಅಕ್ಕ, ಆಕೆಯ ಹೆಸರು ಹುಲಿಗೆವ್ವ.